ಬಸಳೆ ಚಪ್ಪರ

ಕರಾವಳಿಯ ಹಿತ್ತಲಲ್ಲಿ ಬಸಳೆಗೆ ಸಿಗುವ ಜಾಗ ಹೆಚ್ಚಾಗಿ ಬಚ್ಚಲಿನ ಹಿಂಬದಿ, ಇಲ್ಲವೇ ಬಾವಿಕಟ್ಟೆಯ ಮಗ್ಗುಲು. ಬುಡ ಸದಾ ತೇವವಾಗಿರಬೇಕೆನ್ನುವ ಬಳ್ಳಿ ಇದು. ಮಿಂದ ನೀರು, ಪಾತ್ರೆ ತೊಳೆದ ನೀರು ಅತ್ತಲೇ ಹರಿಯುವಾಗ ಅದಕ್ಕೆಂದು ಕೊಡ ಹೊರಬೇಕಾಗಿಲ್ಲ. ಪಾಲಕ್ ಸೊಪ್ಪು ಸೆಕೆಗೆ ಬೇಗ ಹೂಬಿಟ್ಟು ಮುಗಿದುಹೋಗುತ್ತದೆ. ಬಸಳೆಗೆ ಸೆಕೆಯೇ ಹಿತ.

ಬೀಜದಿಂದಲೂ ಬೆಳೆಯುತ್ತದೆ, ಆದರೆ ಅಷ್ಟು ಕಾಯುವವರು ಕಡಿಮೆ. ಬಲಿತ ದಂಟಿನ ಗೇಣುದ್ದದ ತುಂಡನ್ನು, ಒಂದೆರಡು ಗಂಟು ಮಣ್ಣೊಳಗೆ ಹೋಗುವಂತೆ ಊರಿದರೆ ಸಾಕು, ಗಂಟಿನಲ್ಲಿ ಬೇರೊಡೆಯುತ್ತದೆ. ಹಾಗಾಗಿ ಬಸಳೆಯ ಬುಡ ನೆರೆಮನೆಯಿಂದ ಕೇಳಿ ತರುವ ವಸ್ತು. ಹಸಿರು ದಂಟಿನದು, ಕೆಂಪು ದಂಟಿನದು ಎಂದು ಎರಡು ಬಗೆ. ಜಡಿಮಳೆಗೆ ಬುಡ ಕೊಳೆಯುವ ಭಯವಿರುವುದರಿಂದ ಮಳೆ ಹಿಂದೆ ಸರಿದ ಮೇಲೆ ನಡುವುದು ರೂಢಿ. ಬುಡಕ್ಕೆ ಹಟ್ಟಿಗೊಬ್ಬರ, ಸುಡುಮಣ್ಣು. ಬಳ್ಳಿ ಹಬ್ಬಲು ಅಡಕೆ ದಬ್ಬೆಯ ಚಪ್ಪರ. ನಿಂತಲ್ಲಿಂದಲೇ ಕೈಗೆಟಕುವಷ್ಟು ಎತ್ತರವಿದ್ದರೆ ಚೆನ್ನ. ಎಲೆಯಲ್ಲಿ ಕೆಂಪಂಚಿನ ಚುಕ್ಕೆ ಕಂಡರೆ ಅದು ಶಿಲೀಂಧ್ರದ ರೋಗ, ಅಂಥ ಎಲೆಗಳನ್ನು ಚಿವುಟಿ ದೂರ ಎಸೆಯಬೇಕು. ಕೊಯ್ಯಲು ಅಂಜಬಾರದು. ಕುಡಿ ಕತ್ತರಿಸಿದಷ್ಟೂ ಪಕ್ಕದಲ್ಲಿ ಕವಲೊಡೆಯುತ್ತದೆ.

ಅಡುಗೆಯಲ್ಲಿ ಎಲೆಗಿಂತ ದಂಟಿಗೇ ಬೆಲೆ ಹೆಚ್ಚು. ಪೇಟೆಯಲ್ಲಿ ಎಲೆಯನ್ನಷ್ಟೇ ಬಿಡಿಸಿಕೊಂಡು ದಂಟು ಬಿಸಾಡುವವರಿದ್ದಾರೆ. ಬಸಳೆಯ ಅರ್ಧ ರುಚಿ ಕಸದ ಬುಟ್ಟಿಗೆ ಹೋದಂತೆ. ಬೆರಳುದ್ದ ಕತ್ತರಿಸಿದ ದಂಟು ಮೊದಲು ಬೇಯಬೇಕು, ಎಲೆ ಆಮೇಲೆ. ಜೊತೆಗೆ ಅಲಸಂದೆ, ಹುರುಳಿ ಅಥವಾ ಹಲಸಿನ ಬೀಜ. ಮೀನು ತಿನ್ನುವ ಮನೆಗಳಲ್ಲಿ ಸಿಗಡಿ. ಕೊಂಕಣಿ ಮನೆಗಳ ವಾಲಿ ಅಂಬಟ್ ಇದೇ ಬಸಳೆಯದು. ಹುರಿದ ಒಣಮೆಣಸು, ಕೊತ್ತಂಬರಿಯನ್ನು ತೆಂಗಿನತುರಿಯೊಂದಿಗೆ ರುಬ್ಬಿ ಹಾಕಿ, ಹುಣಸೆಹುಳಿ ಬಿಟ್ಟು ಕುದಿಸಿದರೆ ಕೊದ್ದೆಲ್. ಒಗ್ಗರಣೆಗೆ ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವವರೆಗೆ ಹುರಿಯಬೇಕು. ಬಸಳೆಯ ಲೋಳೆ ಹಿಡಿಸದವರು ಬಹಳ; ಹುಳಿ ಬಿದ್ದಾಗ ಅದು ತಗ್ಗುತ್ತದೆ. ರಾತ್ರಿ ಉಳಿದದ್ದನ್ನು ಮರುದಿನ ಕುದಿಸಿ ಬತ್ತಿಸಿದಾಗ ದಂಟು ಹುಳಿ ಖಾರವನ್ನೆಲ್ಲ ಹೀರಿಕೊಂಡಿರುತ್ತದೆ, ಗಂಜಿಗೆ ಬೇರೆ ವ್ಯಂಜನ ಬೇಡ.

ಹೂಬಿಟ್ಟ ಬಳ್ಳಿಯಲ್ಲಿ ಎಲೆ ಕಿರಿದಾಗಿ ದಂಟು ನಾರಾಗುತ್ತದೆ. ಕಡುನೇರಳೆ ಹಣ್ಣು ಹಿಂಡಿ ಅಂಗೈಗೆ ಬಣ್ಣ ಹಚ್ಚಿಕೊಳ್ಳುವ ಮಕ್ಕಳಿಗೆ ಆಗ ಸುಗ್ಗಿ. ದೊಡ್ಡವರು ಹಳೆ ಬಳ್ಳಿ ಕತ್ತರಿಸಿ, ಒಳ್ಳೆಯ ದಂಟು ಆರಿಸಿ, ಹೊಸ ಬುಡ ಮಾಡುತ್ತಾರೆ.