ಗ್ಲಿಕ್ ಪಂಡಿತನ ಲೇಖನವೂ ಅದರ ಉಲ್ಲೇಖಗಳೂ



ಒಬ್ಬ ವಿದ್ವಾಂಸನ ಲೇಖನವನ್ನು ಮುಂದಿನವರು ಎಷ್ಟು ಸಲ ಪ್ರಮಾಣವಾಗಿ ಎತ್ತಿಕೊಂಡರೆಂಬುದನ್ನೆಣಿಸಿ ಅವನ ಯೋಗ್ಯತೆಯನ್ನು ತೂಗುವ ಪದ್ಧತಿಯು ವಿಜ್ಞಾನಿಗಳಲ್ಲಿ ಪ್ರಚಾರದಲ್ಲಿರುವುದು. ಇದಕ್ಕೆ ಸಾಧನವಾದ ಉಲ್ಲೇಖಸೂಚಿಯನ್ನು ಅಮೆರಿಕೆಯ ಯೂಜೀನ್ ಗಾರ್ಫೀಲ್ಡನು 1964ರಲ್ಲಿ ಪ್ರಕಟಿಸತೊಡಗಿದನು. ಭಾಷ್ಯಕಾರರು ಪೂರ್ವಾಚಾರ್ಯರನ್ನುದಾಹರಿಸುವ ರೀತಿಯನ್ನು ಬಲ್ಲವರಿಗೆ ಇದು ತೀರ ಹೊಸದೆನಿಸಲಾರದು. ಆದರೆ ಎಣಿಕೆಯೇ ತೂಕವಾಗುವುದೋ ಎಂಬುದು ವಿಚಾರಣೀಯವು.

ರೋಗನಿರೋಧಶಾಸ್ತ್ರದಲ್ಲಿ ಬ್ರೂಸ್ ಗ್ಲಿಕ್ ಎಂಬವನ ವೃತ್ತಾಂತವನ್ನು ನೋಡಬಹುದು. ಕೋಳಿಯ ಗುದದ್ವಾರದ ಬಳಿ ಒಂದು ಸಣ್ಣ ಚೀಲವುಂಟು. ಪಾಡುವಾ ನಗರದ ಫ್ಯಾಬ್ರಿಸಿಯಸನು ವರ್ಣಿಸಿದ ಈ ಅಂಗದ ಪ್ರಯೋಜನವು 300 ವರ್ಷಗಳಿಗೂ ಮೇಲ್ಪಟ್ಟು ಯಾರಿಗೂ ತಿಳಿದಿರಲಿಲ್ಲ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಗ್ಲಿಕ್ಕನು ಅದನ್ನು ಕತ್ತರಿಸಿ ತೆಗೆದ ಕೋಳಿಗಳನ್ನು ಸಾಕಿದ್ದನು. ಸಹಪಾಠಿಯಾದ ಚಾಂಗನು ಪಾಠಪ್ರದರ್ಶನಕ್ಕೆಂದು ಅವುಗಳಿಗೆ ರೋಗಾಣುದ್ರವ್ಯವನ್ನು ಚುಚ್ಚಲು, ಪ್ರಾಯಶಃ ಅವುಗಳಲ್ಲಿ ಪ್ರತಿಕಾಯಗಳೇ ಹುಟ್ಟಲಿಲ್ಲ! ಪ್ರಖ್ಯಾತವಾದ ‘ಸೈನ್ಸ್’ ಪತ್ರಿಕೆಯು ಲೇಖನವನ್ನು ಹಿಂದಿರುಗಿಸಿತು. 1956ರಲ್ಲಿ ಅದು ‘ಪೌಲ್ಟ್ರಿ ಸೈನ್ಸ್’ ಎಂಬ ಕೋಳಿಸಾಕಣೆಯ ಪತ್ರಿಕೆಯಲ್ಲಿ ಅಚ್ಚಾಯಿತು. ವೈದ್ಯವಿಜ್ಞಾನಿಗಳು ಅಂಥ ಪತ್ರಿಕೆಯನ್ನೋದುವರೆ? ಕೆಲವು ವರ್ಷ ಲೇಖನವು ಬಹುಮಟ್ಟಿಗೆ ಅಲಕ್ಷಿತವಾಗಿಯೇ ಇದ್ದಿತು. ಆ ದಿನಗಳಲ್ಲಿ ಎಣಿಸಿದವನಿಗೆ ಅದು ನಿಷ್ಪ್ರಯೋಜಕವೆಂದೇ ತೋರುತ್ತಿತ್ತು.

1965ರಲ್ಲಿ ಮಿನೆಸೋಟದ ಮ್ಯಾಕ್ಸ್ ಕೂಪರನು ಸಂಗಡಿಗರೊಡನೆ, ಈ ಚೀಲವನ್ನವಲಂಬಿಸಿದ ಜೀವಕಣಗಳೂ ಥೈಮಸ್ ಗ್ರಂಥಿಯನ್ನವಲಂಬಿಸಿದ ಜೀವಕಣಗಳೂ ಬೇರೆ ಬೇರೆಯೆಂದು ತೋರಿಸಿದನು. ಆಮೇಲೆ ಗ್ಲಿಕ್ಕನ ಲೇಖನವು ಶಾಸ್ತ್ರದ ಮೂಲಗಳಲ್ಲೊಂದಾಗಿ ಉದಾಹೃತವಾಗುತ್ತ ಬಂದಿತು. ಇಂದು ವೈದ್ಯರು ‘ಬಿ’ ಜೀವಕಣವೆನ್ನುವಾಗ ಆ ಅಕ್ಷರವು ‘ಬರ್ಸಾ’ ಎಂಬ ಅದೇ ಚೀಲದ ಹೆಸರಿನದು. ಹಾಗೆನ್ನುವವರಲ್ಲಿ ಗ್ಲಿಕ್ಕನ ಹೆಸರನ್ನು ಬರೆಯುವವರು ವಿರಳ. ಇಂಥ ಉಲ್ಲೇಖವು ಯಾವ ಸೂಚಿಯಲ್ಲಿಯೂ ಎಣಿಕೆಗೆ ಬಾರದು.