ಹೆಲ್ಮೆಟ್ ಹಾಕದವನ ಆಸ್ಪತ್ರೆ ಬಿಲ್ ಯಾರು ಕಟ್ಟಬೇಕು?

ಪುಣೆಯಲ್ಲಿರೋ ನಮಗೆಲ್ಲ ಗೊತ್ತಿರೋ ವಿಷಯದಿಂದಲೇ ಶುರು ಮಾಡ್ತೀನಿ. 2019ರ ಜನವರಿ 1ರಿಂದ ಇಲ್ಲಿನ ಪೊಲೀಸರು ಹೆಲ್ಮೆಟ್ ನಿಯಮ ಬಿಗಿ ಮಾಡಿದಾಗ ಜನ ಅದರ ವಿರುದ್ಧವೇ ಬೀದಿಗಿಳಿದರು. ಕೆಲವರು ಪುಣೇರಿ ಪಗಡಿ ತೊಟ್ಟು ಪ್ರತಿಭಟಿಸಿದರು. ಮೊನ್ನೆ ಊಟದ ಹೊತ್ತಲ್ಲಿ ನನ್ನ ಟೀಮಿನವರೊಬ್ಬರು ಕೇಳಿದ್ರು: "ಬೇಕಂತಲೇ ಹೆಲ್ಮೆಟ್ ಬಿಟ್ಟು ತಲೆ ಒಡ್ಕೊಂಡವನಿಗೆ ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಚಿಕಿತ್ಸೆ ಯಾಕೆ?"

ಆ ಸಿಟ್ಟಿಗೆ ಕಾರಣ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬೆಡ್ ಕಡಿಮೆ, ಕಾಯೋರು ಜಾಸ್ತಿ. ಆದರೂ ಚಿಕಿತ್ಸೆ ಕೊಡಲೇಬೇಕು ಅಂತ ನಾನು ಹೇಳ್ತೀನಿ.

ಕರ್ನಾಟಕ 2016ರಲ್ಲೇ ಹರೀಶ್ ಸಾಂತ್ವನ ಯೋಜನೆ ತಂತು. ಅಪಘಾತವಾದ ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಚಿಕಿತ್ಸೆ. 2025ರ ಮೇ ತಿಂಗಳಲ್ಲಿ ಕೇಂದ್ರದ ಯೋಜನೆ ಬಂತು: ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ. ಹೆಲ್ಮೆಟ್ ಹಾಕಿದ್ದವರಿಗೆ ಮಾತ್ರ ಅನ್ನೋ ಷರತ್ತು ಅದರಲ್ಲಿಲ್ಲ. ಅದು ಸರಿಯಾಗೇ ಇದೆ.

ಯಾಕೆ? ಸರ್ವರ್ ಬಿದ್ದಾಗ ನಾವು ಮೊದಲು ಅದನ್ನ ಎಬ್ಬಿಸ್ತೀವಿ, ಯಾರ ತಪ್ಪು ಅಂತ ಆಮೇಲೆ ನೋಡ್ತೀವಿ. ಪ್ರಜ್ಞೆ ಇಲ್ಲದೆ ಬಂದವನ ತಪ್ಪು ಎಷ್ಟು ಅಂತ ಡಾಕ್ಟರ್ ತನಿಖೆ ಮಾಡ್ತಾ ಕೂತರೆ ಜೀವ ಕಾಯಲ್ಲ. ಇನ್ನೊಂದು, ಕುಡಿದಿದ್ದೆ ಅಂದ್ರೆ ಚಿಕಿತ್ಸೆ ಇಲ್ಲ ಅಂತಾದರೆ ಯಾರೂ ನಿಜ ಹೇಳಲ್ಲ. ಆ ಸುಳ್ಳು ನಂಬಿ ಅರಿವಳಿಕೆ ಕೊಟ್ಟರೆ ಅಪಾಯ ದುಪ್ಪಟ್ಟು.

ಬಿಲ್ ಭಯಕ್ಕಾದ್ರೂ ಬುದ್ಧಿ ಬರುತ್ತೆ ಅಂತೀರಾ? ತನ್ನ ತಲೆ ಒಡೆಯುತ್ತೆ ಅನ್ನೋದಕ್ಕೇ ಹೆದರದವನು ಬಿಲ್ಲಿಗೆ ಹೆದರ್ತಾನಾ? ಕೊನೆಗೆ ಮಾಂಗಲ್ಯ ಅಡ ಇಡೋದು ಹೆಂಡತಿ.

ಗೆರೆ ಎಲ್ಲಿ ಎಳೀತೀರಿ ಅನ್ನೋದೂ ಪ್ರಶ್ನೆಯೇ. ಹಿಂಜವಡಿಯಲ್ಲಿ ಹತ್ತು ಗಂಟೆ ಕೂತು, ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತರಿಸ್ಕೊಳ್ಳೋ ನಮಗೆ ನಾಳೆ ಶುಗರ್ ಬಂದ್ರೆ? ಅದೂ ಗೊತ್ತಿದ್ದೇ ಮಾಡಿದ್ದಲ್ವಾ?

ಹಾಗಂತ ಹೊಣೆ ಮಾಫಿ ಅಲ್ಲ. ಅದನ್ನ ರಸ್ತೆಯಲ್ಲಿ ಕೇಳಬೇಕು, ಆಸ್ಪತ್ರೆ ಬಾಗಿಲಲ್ಲಿ ಅಲ್ಲ. ಮೋಟಾರು ವಾಹನ ಕಾಯ್ದೆಯ 194ಡಿ ಕಲಂನಲ್ಲಿ ಹೆಲ್ಮೆಟ್ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹತೆ ಎರಡೂ ಇವೆ. ಸಿಗರೇಟು, ಮದ್ಯಕ್ಕೆ ತೆರಿಗೆ ಇದೆ. ಅವನ್ನ ಸರಿಯಾಗಿ ವಸೂಲಿ ಮಾಡಿ, ಆ ದುಡ್ಡು ಆಸ್ಪತ್ರೆಗೆ ಬರೋ ಹಾಗೆ ಮಾಡಿ ಅಂತ ಕೇಳೋಣ. ಬಿದ್ದವನನ್ನ ಮೊದಲು ಎತ್ತೋಣ.

ನಿಮ್ಮ ಅಭಿಪ್ರಾಯ ಬೇರೆ ಇದ್ರೆ ಖಂಡಿತ ಹೇಳಿ.