ಕತ್ತಲು ಬೇಕೆಂದ ಕ್ರಿಸ್‌ಮಸ್ ಗಿಡ

ಇವತ್ತು ನಿಮ್ಮನ್ನು ಕೆಜಿಎಫ್‌ನ ಕೋರಮಂಡಲ್‌ಗೆ, ನಮ್ಮ ಮನೆ ಜಗಲಿಗೆ ಕರ್ಕೊಂಡು ಹೋಗ್ತೀನಿ.

ಹೋದ ಕ್ರಿಸ್‌ಮಸ್‌ಗೆ ಒಂದು ಪಾಯಿನ್ಸೆಟಿಯಾ ಕೊಂಡಿದ್ದೆ. ಅದೇ, ತುದಿಯಲ್ಲಿ ಕೆಂಪೆಲೆ ಬಿಡೋ ಗಿಡ. ಜೂನ್‌ನಲ್ಲಿ ಅಕ್ಕನ ಮಕ್ಕಳಿಬ್ಬರ ಜೊತೆ ಸೇರಿ ಅದನ್ನು ದೊಡ್ಡ ಕುಂಡಕ್ಕೆ ಹಾಕೋಣ ಅಂದ್ಕೊಂಡೆ.

ದೊಡ್ಡವನು ಒಂದು ಬಕೆಟ್ ನುಣ್ಣನೆ ಮಣ್ಣು ತಂದ. "ಎಲ್ಲಿಂದ್ಲೋ?"

"ಸೈನೈಡ್ ಗುಡ್ಡದ ಹತ್ರ, ಚಿಕ್ಕಿ."

ಎದೆ ಧಸಕ್ಕೆಂದಿತು. ಅದು ಮಣ್ಣಲ್ಲ. ಗಣಿಯ ಕಲ್ಲನ್ನು ಪುಡಿ ಮಾಡಿ, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಸುರಿದ ತ್ಯಾಜ್ಯ. ಮೊದಲು ಅವನ ಕೈ ಸೋಪು ಹಾಕಿ ತೊಳೆಸಿದೆ.

ಆಮೇಲೆ ಕೆಂಪು ಮಣ್ಣು, ಮರಳು, ಗೊಬ್ಬರ ಸಮಸಮ ಕಲಸಿದ್ವಿ. ಕುಂಡದ ತೂತಿನ ಮೇಲೆ ಹೆಂಚಿನ ಚೂರು ಇಟ್ವಿ. ಬೇರಿನ ಉಂಡೆ ಒಡೆಯದ ಹಾಗೆ ಗಿಡ ಕೂರಿಸಿ, ಸುತ್ತ ಮಣ್ಣು ತುಂಬಿ ನೀರು ಹಾಕಿದ್ವಿ. ಕಾಂಡ ಮುರಿದರೆ ಬರುವ ಹಾಲಿನಿಂದ ಕೆಲವರಿಗೆ ಕಡಿತ ಬರುತ್ತೆ, ಮಕ್ಕಳು ಕಣ್ಣುಜ್ಜದ ಹಾಗೆ ನೋಡ್ಕೊಳ್ಳಿ.

ನವೆಂಬರ್ ಬಂತು. ಗಿಡ ಸೊಂಪಾಗಿತ್ತು, ಆದರೆ ಬರೀ ಹಸಿರು. "ಕೆಂಪು ಯಾವಾಗ?" ಅಂತ ಚಿಕ್ಕವಳ ರಗಳೆ. ಕಾರಣ ಜಗಲಿಯ ಎದುರೇ ಇತ್ತು: ಬೀದಿದೀಪ. ಈ ಗಿಡಕ್ಕೆ ದಿನಾ ಸುಮಾರು 14 ಗಂಟೆ ಕತ್ತಲು ಬೇಕು, ಅದೂ ಹಲವು ವಾರ, ನಡುವೆ ಬೆಳಕು ಬೀಳದ ಹಾಗೆ. ನಮ್ಮೂರಿಗೋ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿತ್ತು!

ಅಪ್ಪ ನಕ್ಕರು. ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಚಾಂಪಿಯನ್ ರೀಫ್‌ನಲ್ಲಿ ದುಡಿದವರು ಅವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಅಲ್ಲಿನ ಮಾತು ಎತ್ತಿದ್ದೇ ಕಮ್ಮಿ. "ಕತ್ತಲಿನ ಕೆಲ್ಸ ನನಗೆ ಬಿಡು" ಅಂದರು.

ಅಂದಿನಿಂದ ಸಂಜೆ 5ಕ್ಕೆ ಗಿಡದ ಮೇಲೆ ರಟ್ಟಿನ ಡಬ್ಬ, ಬೆಳಿಗ್ಗೆ 7ಕ್ಕೆ ತೆಗೆಯೋದು. ಮಕ್ಕಳು ಅದಕ್ಕೆ "ತಾತನ ಶಿಫ್ಟ್" ಅಂತ ಹೆಸರಿಟ್ರು. ಡಬ್ಬ ಮುಚ್ಚುವಾಗ ದಿನಾ ಒಂದೊಂದು ಪ್ರಶ್ನೆ: ಕೆಳಗೆ ಸೆಕೆ ಇತ್ತಾ ತಾತ? ಊಟ ಎಲ್ಲಿ ಮಾಡ್ತಿದ್ರಿ? ಹೆದರಿಕೆ ಆಗ್ತಿತ್ತಾ? ನನಗೂ ಗೊತ್ತಿರದ ಎಷ್ಟೋ ಉತ್ತರ ಜಗಲಿಯಲ್ಲಿ ಕೇಳಿದೆ.

ಕ್ರಿಸ್‌ಮಸ್ ದಿನ ಕೆಂಪಾಗಿದ್ದು ಎರಡೇ ಎಲೆ. ಚಿಕ್ಕವಳ ಮುಖ ಸಪ್ಪಗಾಯ್ತು. "ಶಿಫ್ಟ್ ಇನ್ನೂ ಮುಗಿದಿಲ್ಲ ಕಣಮ್ಮ" ಅಂದರು ಅಪ್ಪ. ಸಂಕ್ರಾಂತಿಗೆ ತುದಿಯೆಲ್ಲ ಕೆಂಪು.

ನಿಮ್ಮ ಮನೆ ಗಿಡವೂ ಹಸಿರಾಗೇ ಇದ್ರೆ, ರಾತ್ರಿ ಅದರ ಮೇಲೆ ಯಾವ ಲೈಟ್ ಬೀಳುತ್ತೆ ನೋಡಿ. ಡಬ್ಬ ಮುಚ್ಚೋ ಕೆಲಸ ಮಾತ್ರ ಮನೆಯ ಹಿರಿಯರಿಗೆ ಕೊಡಿ. ಮತ್ತೆ ಸಿಗೋಣ.